ಎಂಬತ್ತೊಂದನೆಯ ಪುಟದ ಖಾಲಿ ಜಾಗ

ನಮ್ಮೂರ ವಿಶ್ವವಿದ್ಯಾಲಯದ ವಾರ್ಷಿಕ ಸಂಚಿಕೆಗೆ ಅರವತ್ತು ತುಂಬಿತಂತೆ. ಅದರ ಚರಿತ್ರೆ ಬರೆದುಕೊಡಿ, ನಿಮ್ಮಷ್ಟು ತಿಳಿದವರು ಬೇರೆ ಯಾರೂ ಉಳಿದಿಲ್ಲ ಎಂದು ರಿಜಿಸ್ಟ್ರಾರರ ಕಚೇರಿಯಿಂದ ಪತ್ರ ಬಂತು. ಉಳಿದಿಲ್ಲ ಅನ್ನುವುದು ನಿಜ. ನಾನು ಕೆಂಚಪ್ಪ, ಬೆಟ್ಟದ ಮೇಲಿನ ಹಳೆಯ ಕುದುರೆ ಲಾಯದಲ್ಲಿದ್ದ ವಿಶ್ವವಿದ್ಯಾಲಯದ ಅಚ್ಚುಕೂಟದಲ್ಲಿ ಮೂವತ್ತೇಳು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವನು. ಹತ್ತು ಪುಟ ಮೀರಬಾರದಂತೆ, ಹಿತವಾದ ನೆನಪುಗಳಿಗೆ ಒತ್ತು ಕೊಡಬೇಕಂತೆ. ಹಿತವಾದ ನೆನಪುಗಳೇ ಬೇಕಿದ್ದರೆ ಕ್ಯಾಂಟೀನಿನವನನ್ನು ಕೇಳಬಹುದಿತ್ತು. ನನ್ನ ಹತ್ತಿರ ಇರುವುದು ಇದು, ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂಬುದೂ ನನಗೆ ಗೊತ್ತು.

ಸಂಚಿಕೆಯಲ್ಲಿ ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯ ಮುಖ ಇರುತ್ತದೆ. ಮುಖದ ಕೆಳಗೆ ಹೆಸರು, ಹೆಸರಿನ ಕೆಳಗೆ ಒಂದೇ ಒಂದು ಸಾಲು. ಆ ಸಾಲಿನಲ್ಲಿ ಏನು ಬರೆದಿದೆಯೋ ಅದು ಆಗುತ್ತದೆ. ಮೊದಲ ಸಂಪಾದಕರು ರೇಖಾಗಣಿತದ ಪ್ರೊಫೆಸರು, ತಮಾಷೆಯ ಮನುಷ್ಯ. ಕಾನೂನು ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವನ ಕೆಳಗೆ "ಬನ್ನು ಬ್ರೆಡ್ಡಿನ ಅಂಗಡಿ ಇಡುತ್ತಾನೆ" ಎಂದು ಬರೆದರು. ಅವನು ಇಟ್ಟ. ಬನ್ನು ಚೆನ್ನಾಗಿಯೇ ಇತ್ತು, ಹಾಗಾಗಿ ಮೊದಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಊರಿಗೆ ವಿಷಯ ತಿಳಿಯಿತು ನೋಡಿ, ಅಪ್ಪಂದಿರು ಸಂಪಾದಕರ ಮನೆ ಬಾಗಿಲಲ್ಲಿ ಹಲಸಿನ ಹಣ್ಣು ಹೊತ್ತು ನಿಂತರು. ಒಂದೇ ವರ್ಷ ಹದಿನಾಲ್ಕು ಹುಡುಗರಿಗೆ "ಮಂತ್ರಿಯಾಗುತ್ತಾನೆ" ಎಂದು ಬಿತ್ತು. ಹದಿನಾಲ್ಕು ಜನರೂ ಆಗಬೇಕಲ್ಲ? ತಿಂಗಳಿಗೊಂದು ಮಂತ್ರಿಮಂಡಲ ಬಿದ್ದಿತು, ನಮ್ಮ ಸೇತುವೆ ಇವತ್ತಿಗೂ ಅರ್ಧ ಹೊಳೆಗೇ ನಿಂತಿದೆ.

ಆಗ ಒಂದು ಸಮಿತಿ ಕೂತು ನಿಯಮ ಮಾಡಿತು. ಪದವಿ ಅಧಿಕಾರ ಬರೆಯಕೂಡದು, ಸಾವು ಬರೆಯಕೂಡದು, ಸಾಲು ಒಂದು ಕಾಲಮ್ಮಿನ ಅಗಲ ಮೀರಕೂಡದು. ಜಗಳವೇ ಬೇಡವೆಂದು ಇಪ್ಪತ್ತೆಂಟನೆಯ ವರ್ಷ ಎಲ್ಲರಿಗೂ ಒಂದೇ ಸಾಲು ಹಾಕಿಸಿದರು: "ಸಂತೋಷವಾಗಿರುತ್ತಾರೆ." ಮುನ್ನೂರ ಹನ್ನೆರಡು ಸಲ ಅದೇ ಪದವನ್ನು ಜೋಡಿಸಿದವನು ನಾನೇ. ಆ ಬ್ಯಾಚಿನವರು ಈಗಲೂ ಊರಲ್ಲಿದ್ದಾರೆ, ಸಂತೋಷವಾಗಿದ್ದಾರೆ. ಪೇಟೆ ಬೀದಿಗೆ ಬೆಂಕಿ ಬಿದ್ದು ಹನ್ನೊಂದು ಮನೆ ಸುಟ್ಟಾಗ ಅವರು ಕೊಡ ಹಿಡಿದು ಓಡಿಬಂದರು, ನೀರು ಹೊತ್ತರು, ನಗುತ್ತಲೇ ಹೊತ್ತರು. ಅವರಲ್ಲೊಬ್ಬಳು ತನ್ನ ಮಗುವನ್ನು ಮಣ್ಣು ಮಾಡಿ ಬಂದ ದಿನ ಬಾವಿಕಟ್ಟೆಯಲ್ಲಿ ಹಾಡು ಗುನುಗುತ್ತಿದ್ದಳು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಾರೆ.

ಇಂಥ ಹೊತ್ತಿನಲ್ಲಿ ಸಂಪಾದಕರಾಗಿ ಬಂದವರು ಸಿದ್ದವೀರಯ್ಯ ಮೇಷ್ಟ್ರು. ಕನ್ನಡ ವಿಭಾಗದವರು, ಸಣಕಲು ದೇಹ, ಎಡಗೈಯಲ್ಲಿ ಸದಾ ಒಂದು ಕೊಡೆ. ಅವರು ಸಾಲು ಬರೆಯುತ್ತಿದ್ದ ರೀತಿಯೇ ಬೇರೆ. ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಗೂ ಹೋಗಿ ಕೂತು ಕಾಫಿ ಕುಡಿದು, ಸೂರು ನೋಡಿ, ಅಜ್ಜಿಯ ಕೆಮ್ಮು ಕೇಳಿಸಿಕೊಂಡು ಬರುತ್ತಿದ್ದರು. ಆಮೇಲೆ ಸಣ್ಣದೊಂದು ಬರೆಯುತ್ತಿದ್ದರು. "ಮಳೆಗಾಲದಲ್ಲಿ ಇವನ ಮನೆ ಸೋರುವುದಿಲ್ಲ." "ಅಕ್ಕತಂಗಿಯರ ಜೊತೆ ಮಾತು ಬಿಡುವುದಿಲ್ಲ." "ಕೊನೆಯತನಕ ಸ್ವಂತ ಹಲ್ಲಿನಲ್ಲೇ ಅಗಿಯುತ್ತಾನೆ." ಓದಿದ ಅಪ್ಪಂದಿರು ಮುಖ ಗಂಟಿಕ್ಕಿದರು. ಹತ್ತು ವರ್ಷ ಕಳೆದ ಮೇಲೆ ಅದೇ ಅಪ್ಪಂದಿರು ಸೋರದ ಮನೆಯಲ್ಲಿ ಕೂತು ಮೇಷ್ಟ್ರಿಗೆ ಕೈಮುಗಿದರು. ಒಂದು ಸಾಲು ಗಟ್ಟಿಯಾಗಿ ನಿಂತರೆ ಸಾಕು, ಮಿಕ್ಕ ಬದುಕು ಅದರ ಸುತ್ತ ಹೇಗೋ ಬೆಳೆದುಕೊಳ್ಳುತ್ತದೆ ಅನ್ನುತ್ತಿದ್ದರು ಅವರು. ಬೆಟ್ಟ ಹತ್ತಿ ಓದದ ನನ್ನಂಥವರಿಗೆ ಸಾಲೂ ಇಲ್ಲ, ಅದರ ಗೊಡವೆಯೂ ಇಲ್ಲ. ನಮಗೆ ಬಂದದ್ದು ಬರುತ್ತದೆ, ಹೋದದ್ದು ಹೋಗುತ್ತದೆ.

ಮೂವತ್ತೆಂಟನೆಯ ವರ್ಷ ಮೇಷ್ಟ್ರ ಮಗಳೇ ಕೊನೆಯ ತರಗತಿಗೆ ಬಂದಳು. ಮಂದಾಕಿನಿ. ಒಬ್ಬಳೇ ಮಗಳು, ಇಪ್ಪತ್ತೊಂದು ವರ್ಷ, ಮಾತಿಗೆ ಮುಂಚೆ ನಗು. ಅಪ್ಪನಿಗೆ ಊಟದ ಡಬ್ಬಿ ತಂದಾಗ ಲಾಯದೊಳಕ್ಕೆ ನುಗ್ಗಿ ನನ್ನ ಮೊಳೆಗಳ ಖಾನೆಯಿಂದ ತನ್ನ ಹೆಸರಿನ ಅಕ್ಷರ ಆಯ್ದು ಜೋಡಿಸಿ, "ಕೆಂಚಣ್ಣ, ನನ್ನ ಸಾಲು ಏನಂತೆ? ಅಪ್ಪ ಬಾಯೇ ಬಿಡಲ್ಲ" ಅನ್ನುತ್ತಿದ್ದಳು. ಬಿಡಲು ಅವರ ಬಳಿ ಇದ್ದರೆ ತಾನೇ? ಊರಿನ ಸಾವಿರಾರು ಮಕ್ಕಳಿಗೆ ಬರೆದ ಕೈ ಇಲ್ಲಿ ಸೋತಿತು. ದಿನಕ್ಕೊಂದು ಚೀಟಿ ತರುವರು, ನಾನು ಜೋಡಿಸಿ ಪ್ರೂಫ್ ತೆಗೆಯುವೆನು, ಅವರು ಓದಿ ಕಾಟು ಹೊಡೆಯುವರು. "ಒಳ್ಳೆಯ ಗಂಡ ಸಿಗುತ್ತಾನೆ" ಎಂದು ಬರೆದರೆ, ಅವನೊಬ್ಬನೇ ಒಳ್ಳೆಯವನಾಗಿ ಮಿಕ್ಕದ್ದೆಲ್ಲ ಕೆಟ್ಟರೆ ಅವಳ ಪಾಡೇನು ಎಂಬ ಹೆದರಿಕೆ. "ಆರೋಗ್ಯವಾಗಿರುತ್ತಾಳೆ" ಎಂದು ಬರೆದು, ತೊಂಬತ್ತು ವರ್ಷ ಒಬ್ಬಳೇ ಆರೋಗ್ಯವಾಗಿ ಕೂತರೆ ಎಂದು ಅದನ್ನೂ ಹೊಡೆದುಹಾಕಿದರು. ಹದಿನೆಂಟು ಸಲ ಹೀಗಾಯಿತು, ನಾನು ಲೆಕ್ಕ ಇಟ್ಟಿದ್ದೆ, ಯಾಕೆಂದರೆ ಪ್ರತಿ ಸಲವೂ ಬಿಚ್ಚಿ ಕಟ್ಟಬೇಕಾದದ್ದು ನಾನು. ಕೊನೆಗೆ, "ಜಾಗ ಬಿಟ್ಟಿರು ಕೆಂಚಪ್ಪ, ಆಮೇಲೆ ಕೊಡ್ತೀನಿ" ಎಂದರು. ಎಂಬತ್ತೊಂದನೆಯ ಪುಟದಲ್ಲಿ ಅವಳ ಹೆಸರಿನ ಕೆಳಗೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿ, ಒಂದೇ ಹಾಳೆಗೆ ಒತ್ತುವ ಪುಟಗಳನ್ನೆಲ್ಲ ಸೇರಿಸಿ ಫಾರಂ ಬಿಗಿದೆ.

ಅಚ್ಚಿಗೆ ಹೋಗಬೇಕಾದ ದಿನ ಬಂತು. ಬೆಳಿಗ್ಗೆ ಹನ್ನೊಂದು ಗಂಟೆ. ಹಿಂದಿನ ಫಾರಂನ ಹಾಳೆಗಳು ಒಣಗಿ ರಾಶಿ ಬಿದ್ದಿದ್ದವು. ಎಂಬತ್ತೊಂದನೆಯ ಪುಟವಿದ್ದ ಫಾರಂ ಮೆಷಿನ್ನಿನ ಮೇಲೆ ಕೂತಿತ್ತು, ಇನ್ನೂ ಒಂದು ಹಾಳೆಯೂ ಓಡಿರಲಿಲ್ಲ. ಮೆಷಿನ್ ನಡೆಸುವವನು ಬೀಡಿ ಸೇದಲು ಹೋಗಿದ್ದ. ಆ ದಿನ ನನ್ನ ಭಾವಮೈದುನನ ಮಗುವಿಗೆ ನಾಮಕರಣ. ಮನೆಯಲ್ಲಿ ಒಬ್ಬಟ್ಟು. ಬಿಸಿಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದು ಜಾರುವಾಗ ತಿನ್ನಬೇಕು, ಆರಿದರೆ ಅದು ಚಪಾತಿಯ ನೆಂಟ ಅನ್ನುವುದು ನನ್ನ ಅಭಿಪ್ರಾಯ. ಕೈ ತೊಳೆದು ಹೊರಡಬೇಕು, ಅಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಬೆಟ್ಟವನ್ನು ಓಡಿಕೊಂಡೇ ಹತ್ತಿದ್ದರು ಅಂತ ಕಾಣುತ್ತದೆ, ಏದುಸಿರು. ಆ ದಿನ ಕೈಯಲ್ಲಿ ಕೊಡೆ ಇರಲಿಲ್ಲ, ಮಡಿಸಿದ ಒಂದು ಚೀಟಿ ಇತ್ತು.

"ಸಿಕ್ತು ಕಣಯ್ಯಾ ಕೆಂಚಪ್ಪ, ಸಿಕ್ತು. ಮಂದಾದು ಸಾಲು. ಇದನ್ನ ಹಾಕ್ಬಿಡು."

ಫಾರಂ ಇಳಿಸಬೇಕು, ಬಿಚ್ಚಬೇಕು, ಜೋಡಿಸಿ ಪ್ರೂಫ್ ತೆಗೆದು ತೋರಿಸಬೇಕು. ಇವರು ಹತ್ತೊಂಬತ್ತನೆಯ ಸಲವೂ ಕಾಟು ಹೊಡೆಯುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ಒಂದೂವರೆ ಗಂಟೆಯ ಕೆಲಸ. ನನ್ನ ಮೂಗಿಗೆ ಏಲಕ್ಕಿಯ ವಾಸನೆ ಬಂದಂತಾಯಿತು.

"ಸಾರ್, ಆಗ್ಲೇ ಇನ್ನೂರು ಕಾಪಿ ಓಡಿಬಿಡ್ತಲ್ಲ" ಎಂದೆ. ಎಂದು, ಒಣಗಿದ್ದ ಹಳೆಯ ರಾಶಿಯ ಕಡೆ ಕೈ ತೋರಿಸಿದೆ. "ಮತ್ತೆ ಒತ್ತೋಣ ಅಂದ್ರೆ ಕಾಗದ ಇಲ್ಲ."

ಅವರು ಹೋಗಿ ನೋಡಬಹುದಿತ್ತು. ನಾಲ್ಕು ಹೆಜ್ಜೆ. ನೋಡಲಿಲ್ಲ, ನನ್ನ ಮಾತನ್ನು ನಂಬಿದರು. ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟು ಮುಚ್ಚಿದರು. ಆಮೇಲೆ, "ಹೋಗ್ಲಿ. ಖಾಲಿ ಇದ್ರೆ ಕೆಟ್ಟದ್ದಂತೂ ಏನೂ ಆಗಲ್ಲ. ಅಲ್ವೇನಯ್ಯಾ?" ಎಂದರು.

"ಆಗಲ್ಲ ಸಾರ್. ಆರಾಮಾಗಿರ್ತಾರೆ ಮಗಳು."

ನಿಜ ಹೇಳುತ್ತೇನೆ, ಅವರ ಮುಖದಲ್ಲಿ ಹೊರೆ ಇಳಿಸಿದವರ ನಿರಾಳ ಕಂಡಿತು. ಅಥವಾ ನನಗೆ ಹಾಗೆ ಕಾಣಬೇಕಿತ್ತು. ನಾನು ಮನೆಗೆ ಹೋಗಿ ಆರು ಒಬ್ಬಟ್ಟು ತಿಂದೆ.

ಮುಖವೂ ಹೆಸರೂ ಇದ್ದು ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಎರಡು ವರ್ಷ ಗೊತ್ತಾಗಲೂ ಇಲ್ಲ. ಮಂದಾಕಿನಿಯನ್ನು ನೋಡಲು ಗಂಡಿನವರು ಬಂದರು, ಉಪ್ಪಿಟ್ಟು ತಿಂದರು, ಊರಿಗೆ ಹೋಗಿ ಪತ್ರ ಬರೆಯುತ್ತೇವೆಂದರು. ಬರೆಯಲಿಲ್ಲ, ಒಲ್ಲೆವೆಂದೂ ಹೇಳಲಿಲ್ಲ. ಹೀಗೆ ಒಂಬತ್ತು ಕಡೆಯವರು. ಕೆಲಸದ ಸಂದರ್ಶನಕ್ಕೆ ಹೋದಳು, ಚೆನ್ನಾಗಿ ಉತ್ತರ ಕೊಟ್ಟಳು, ಫಲಿತಾಂಶ ಹೊರಬೀಳಲೇ ಇಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಲು ಹಂಗಾಮಿಯಾಗಿ ಸೇರಿಸಿಕೊಂಡರು. ಖಾಯಂ ಮಾಡಲಿಲ್ಲ, ತೆಗೆದೂ ಹಾಕಲಿಲ್ಲ. ಅವಳಿಗೆ ಒಂದು ಜ್ವರ ಬರಲಿಲ್ಲ. ಅವಳನ್ನು ಕಂಡು ಬೀದಿನಾಯಿ ಬೊಗಳಲಿಲ್ಲ. ಸ್ನೇಹಿತೆಯರು ಅವಳ ಮೇಲೆ ಸಿಟ್ಟಾಗದೆ ಜಗಳವಾಡದೆ ಬರುವುದನ್ನು ನಿಲ್ಲಿಸಿದರು. ವಯಸ್ಸೊಂದು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಬಂತು. ಮೂವತ್ತಕ್ಕೆಲ್ಲ ಕಿವಿಯ ಪಕ್ಕ ಬೆಳ್ಳಿಕೂದಲು. ಮಾತಿಗೆ ಮುಂಚೆ ಬರುತ್ತಿದ್ದ ಆ ನಗು ಯಾವಾಗ ನಿಂತಿತು ಎಂದು ಯಾರಿಗೂ ನೆನಪಿಲ್ಲ.

ಅವಳ ತಾಯಿ ಸಾಯುವ ಹೊತ್ತಿಗೆ ಅವಳನ್ನು ಯಾರೋ ಅಂಚೆ ಕಚೇರಿಗೆ ಕಳಿಸಿದ್ದರು. ಬಂದಾಗ ಎಲ್ಲ ಮುಗಿದಿತ್ತು. ಬಂದ ಹೆಂಗಸರು ಮೇಷ್ಟ್ರನ್ನು ಹಿಡಿದುಕೊಂಡು ಅತ್ತರು, ಅಡುಗೆಮನೆಯಲ್ಲಿ ನಿಂತಿದ್ದ ಇವಳನ್ನು ದಾಟಿಕೊಂಡು ನೀರು ಕುಡಿಯಲು ಹೋದರು. ನಾನು ಅಲ್ಲೇ ಇದ್ದೆ. ಅವಳು ನನ್ನ ಕಡೆ ತಿರುಗಿ, "ಕೆಂಚಣ್ಣ, ನಂಗೆ ಅಳು ಬರ್ತಿಲ್ಲ. ಇನ್ನೇನು ಬಂತು ಅನ್ನೋ ಹಾಗಿರುತ್ತೆ, ಬರಲ್ಲ" ಎಂದಳು. ನಾನು ಮೇಲಿನ ಬೆಳಕಿಂಡಿಯನ್ನು ನೋಡುತ್ತಾ ನಿಂತೆ.

ಮೇಷ್ಟ್ರು ಅಷ್ಟರಲ್ಲೇ ಸಂಪಾದಕತ್ವ ಬಿಟ್ಟಿದ್ದರು. ತಿದ್ದಲು ಮಾಡದ ಪ್ರಯತ್ನವಿಲ್ಲ. ಗ್ರಂಥಾಲಯದ ಪ್ರತಿಯಲ್ಲಿ ಆ ಖಾಲಿ ಜಾಗದ ಮೇಲೆ ಕೈಯಾರೆ ಬರೆದರು. ಶಾಯಿ ಒಣಗಿತು, ಅಷ್ಟೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸಿದರು. ಆ ವರ್ಷದ ವಿದ್ಯಾರ್ಥಿಯಲ್ಲದವರಿಗೆ ಸಾಲು ಹತ್ತುವುದಿಲ್ಲ. ಹಾಗಾದರೆ ಮತ್ತೆ ವಿದ್ಯಾರ್ಥಿಯಾಗಲಿ ಎಂದು ಮಂದಾಕಿನಿಯಿಂದ ಎಂ.ಎ.ಗೆ ಅರ್ಜಿ ಹಾಕಿಸಿದರು. ಅರ್ಜಿ ತಿರಸ್ಕೃತವಾಗಲಿಲ್ಲ, ಪರಿಶೀಲನೆಯಲ್ಲಿದೆ ಎಂದರು. ಇವತ್ತಿಗೂ ಪರಿಶೀಲನೆಯಲ್ಲಿದೆ. ಮೇಷ್ಟ್ರು ಬೆಟ್ಟದ ಮೆಟ್ಟಿಲ ಮೇಲೆ ಕೂತು ಹೊಸ ಸಂಚಿಕೆ ಹಿಡಿದ ಮಕ್ಕಳು ಇಳಿದು ಬರುವುದನ್ನು ನೋಡುತ್ತಿದ್ದರು. ಯಾರಾದರೂ ತಮ್ಮ ಸಾಲನ್ನು ಓದಿ, ಇದೇನು ಹೀಗೆ ಬರೆದಿದ್ದಾರೆ ಎಂದು ಗೊಣಗಿದರೆ, "ಇದೆಯಲ್ಲಪ್ಪಾ, ಏನೋ ಒಂದು ಇದೆಯಲ್ಲ" ಅನ್ನುತ್ತಿದ್ದರು.

ಅವರು ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಲು ಅವರಿಗೆ ನಿಜ ಗೊತ್ತಿರಲೂ ಇಲ್ಲ. ಒಂದರ್ಧ ದಿನ ಮುಂಚೆ ಬರಬೇಕಿತ್ತು ಕೆಂಚಪ್ಪ, ತಪ್ಪು ನನ್ನದೇ ಎಂದು ನನ್ನ ಮುಂದೆಯೇ ಎಷ್ಟೋ ಸಲ ಹೇಳಿಕೊಂಡರು. ಪ್ರತಿ ಸಲವೂ ನಾನು ಅವರಿಗೆ ಕಾಫಿ ತರಿಸಿ ಮಾತು ಬದಲಿಸಿದೆ. ನನಗೆ ಮೂವರು ಮಕ್ಕಳು, ಖಾಯಂ ಕೆಲಸ, ಊರಲ್ಲಿ ಒಳ್ಳೆಯ ಹೆಸರು. ಹೇಡಿತನಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಒಬ್ಬಟ್ಟು ತಿನ್ನುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ, ಇವತ್ತಿಗೂ ತಿನ್ನುತ್ತೇನೆ.

ಮಂದಾಕಿನಿ ಮಾತ್ರ ಪ್ರತಿ ವರ್ಷ ಸಂಚಿಕೆಯ ಕೆಲಸ ಶುರುವಾಗುವಾಗ ಲಾಯಕ್ಕೆ ಬರುತ್ತಿದ್ದಳು. ನಾನು ನಿವೃತ್ತನಾದ ಮೇಲೆ ಮನೆಗೆ ಬರತೊಡಗಿದಳು. ಜಗಲಿಯ ಅಂಚಿನಲ್ಲಿ ಕೂತು ಅದೇ ಪ್ರಶ್ನೆ ಕೇಳುತ್ತಿದ್ದಳು. "ಈ ವರ್ಷ ಏನಾದ್ರೂ ಮಾಡಬಹುದಾ ಕೆಂಚಣ್ಣ?" ಒಮ್ಮೆ ಹೇಳಿದಳು, "ಒಳ್ಳೇದೇ ಬರೀಬೇಕು ಅಂತಿಲ್ಲ. ಕಾಲು ಮುರಿಯುತ್ತೆ ಅಂತ ಬರೆದ್ರೂ ಆಯ್ತು. ಮುರಿದ್ರೆ ನಾಲ್ಕು ಜನ ನೋಡೋಕೆ ಬರ್ತಾರಲ್ಲ." ಆ ಮಾತನ್ನು ಅವಳು ಕಾಫಿಗೆ ಸಕ್ಕರೆ ಕಡಿಮೆ ಎನ್ನುವ ದನಿಯಲ್ಲಿ ಹೇಳಿದಳು. ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ನನ್ನ ಹೆಂಡತಿ ತಲೆನೋವಾ ಎಂದು ಕೇಳಿದಳು, ಹೌದು ಎಂದೆ.

ಕಳೆದ ವರ್ಷ ಮೇಷ್ಟ್ರು ಹೋದರು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಂದಾಕಿನಿ ಬಂದು ಅವರ ಕನ್ನಡಕದ ಡಬ್ಬಿಯನ್ನು ನನ್ನ ಮುಂದಿಟ್ಟಳು.

"ಇದನ್ನ ನಿಮಗೆ ಕೊಡು ಅಂದಿದ್ರು ಅಪ್ಪ. ನೀವು ಜೋಡಿಸೋದು ಬಾಕಿ ಇದೆ ಅಂತೆ."

ಡಬ್ಬಿಯಲ್ಲಿ ಕನ್ನಡಕ ಇರಲಿಲ್ಲ. ಅದೇ ಚೀಟಿ, ಮಡಿಕೆಗಳಲ್ಲಿ ಹಳದಿಯಾಗಿ, ಹರಿಯುವ ಹಾಗಿತ್ತು. ಬಿಡಿಸಿದೆ. ಮೇಷ್ಟ್ರ ದುಂಡನೆಯ ಅಕ್ಷರ: "ಸಂಜೆ ಮನೆಗೆ ಬಂದಾಗ ಬಂದೆಯಾ ಎನ್ನುವವರು ಇರುತ್ತಾರೆ."

ಹದಿನೆಂಟು ಸಲ ಹೊಡೆದುಹಾಕಿ, ಹತ್ತೊಂಬತ್ತನೆಯ ಸಲಕ್ಕೆ ಸಿಕ್ಕ ಸಾಲು. ಗಂಡನೋ ಮಕ್ಕಳೋ ಸ್ನೇಹಿತೆಯೋ ಎಂದಿಲ್ಲ, ಯಾರಾದರೂ ಆಗಬಹುದು, ಯಾರೋ ಒಬ್ಬರಂತೂ ಇರುತ್ತಾರೆ. ಇದರ ಸುತ್ತ ಒಂದು ಇಡೀ ಬದುಕು ಬೆಳೆಯುತ್ತಿತ್ತು. ಅಭ್ಯಾಸಬಲ ನೋಡಿ, ನನ್ನ ಬೆರಳು ತಂತಾನೇ ಗಾಳಿಯಲ್ಲಿ ಮೊಳೆ ಆಯ್ದು ಅಳೆಯಿತು. ಕಾಲಮ್ಮಿನ ಅಗಲಕ್ಕೆ ಸರಿಯಾಗಿ ಕೂರುತ್ತಿತ್ತು. ಹತ್ತು ನಿಮಿಷದ ಕೆಲಸ. ಒಂದೂವರೆ ಗಂಟೆ ಎಂದು ನಾನು ಅಂದುಕೊಂಡದ್ದೂ ಸುಳ್ಳೇ.

ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಎಲ್ಲ ಹೇಳಿದೆ. ಅವತ್ತು ಒಂದು ಹಾಳೆಯೂ ಓಡಿರಲಿಲ್ಲ ಮಂದಾ, ನಿಮ್ಮಪ್ಪ ಹೊತ್ತಿಗೆ ಸರಿಯಾಗೇ ಬಂದಿದ್ರು, ನಾನು ಸುಳ್ಳು ಹೇಳ್ದೆ, ಒಬ್ಬಟ್ಟು ತಣ್ಣಗಾಗುತ್ತೆ ಅಂತ ಸುಳ್ಳು ಹೇಳ್ದೆ. ಇಪ್ಪತ್ತೆರಡು ವರ್ಷ ನನ್ನೊಳಗೆ ಕೊಳೆತದ್ದು ಜಗಲಿಯ ಮೇಲೆ ಬಿತ್ತು. ನಾನು ಅಳುತ್ತಿದ್ದೆ. ಅವಳು ಚಪ್ಪಲಿ ತೆಗೆದು ಹೊಡೆಯಲಿ, ಉಗಿಯಲಿ, ಬೀದಿಗೆ ಕೇಳುವ ಹಾಗೆ ಕಿರುಚಲಿ ಎಂದು ಕಾದೆ. ಕ್ಷಮಿಸಲಿ ಎಂದು ಕಾಯಲಿಲ್ಲ, ಅಷ್ಟು ನಾಚಿಕೆಗೆಟ್ಟವನಲ್ಲ.

ಅವಳು ಕೇಳಿಸಿಕೊಂಡಳು. ಅವಳ ಗಂಟಲಿನಲ್ಲಿ ಏನೋ ಮೇಲಕ್ಕೆ ಬಂದಂತಾಯಿತು. ಇನ್ನೇನು ಎನ್ನುವಷ್ಟರಲ್ಲಿ ಅದು ಹಾಗೇ ಇಳಿದುಹೋಯಿತು.

"ಹೌದಾ?" ಎಂದಳು. ಸ್ವಲ್ಪ ಹೊತ್ತು ಕಾದಳು, ತನ್ನೊಳಗೆ ಏನಾದರೂ ಆದೀತೇ ಎಂದು ಅವಳೂ ಕಾಯುತ್ತಿದ್ದಳು ಅಂತ ನನಗೆ ಗೊತ್ತಾಯಿತು. ಆಗಲಿಲ್ಲ. "ಲೈಬ್ರರಿ ತೆಗೆಯೋ ಹೊತ್ತಾಯ್ತು ಕೆಂಚಣ್ಣ" ಎಂದು ಎದ್ದು, ಸೀರೆಯ ಧೂಳು ಕೊಡವಿಕೊಂಡು ಹೋದಳು. ಜಗತ್ತಿನಲ್ಲಿ ನನ್ನ ತಪ್ಪನ್ನು ಹಿಡಿದು ಶಿಕ್ಷಿಸಬೇಕಾದವಳು ಅವಳೊಬ್ಬಳು. ಅವಳ ಪಾಲಿಗೆ ನನ್ನ ತಪ್ಪು ಕೂಡ ನಡೆಯಲಿಲ್ಲ.

ಅಂದು ಸಂಜೆ ನಾನೊಂದು ನಿಶ್ಚಯ ಮಾಡಿದೆ. ಅಚ್ಚಿನಲ್ಲಿ ಹಾಕಲಾಗದ್ದನ್ನು ಬಾಯಲ್ಲಿ ಹೇಳುವುದು. ಐದೂವರೆಗೆ ಅವಳ ಮನೆಯ ಗೇಟಿನ ಬಳಿ ಹೋಗಿ ನಿಂತೆ. ಬೇರೇನೂ ಬೇಡ, ಒಂದೇ ಪದ, ಬಂದೆಯಾ ಅಂದರೆ ಸಾಕು. ದೂರದಿಂದ ಬರುತ್ತಿರುವುದು ಕಾಣಿಸಿತು, ಕೈಯಲ್ಲಿ ಅಪ್ಪನ ಹಳೆಯ ಕೊಡೆ, ತಲೆ ತಗ್ಗಿಸಿದ ಅದೇ ನಡಿಗೆ. ಹತ್ತಿರ ಬಂದಳು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಲೆಯೆತ್ತಿದಳು.

"ಬಂದ್ರಾ ಕೆಂಚಣ್ಣ? ಬನ್ನಿ, ಒಳಗೆ ಬನ್ನಿ."

ಮರುದಿನ ಇನ್ನೂ ಬೇಗ ಹೋಗಿ ಬೀದಿಯ ತಿರುವಿನಲ್ಲೇ ಕಾದೆ. ಅಲ್ಲೂ ನನಗಿಂತ ಮೊದಲು ಅವಳ ಬಾಯಿಂದಲೇ ಬಂತು. ಗಿಡದ ಮರೆಯಲ್ಲಿ ನಿಂತು ನೋಡಿದೆ, ಕೂಗಿ ನೋಡಿದೆ. ಕೂಗಿದ ದಿನ ಸರಿಯಾಗಿ ಅದೇ ಗಳಿಗೆಗೆ ಬೆಟ್ಟದ ಮೇಲಿನ ಗಂಟೆ ಹೊಡೆಯಿತು. ಒಂದು ವರ್ಷವಾಯಿತು, ಒಂದು ಸಂಜೆಯೂ ತಪ್ಪಿಸಿಲ್ಲ. ಒಂದು ಸಂಜೆಯೂ ಆ ಪದ ಅವಳನ್ನು ಮುಟ್ಟಿಲ್ಲ. ನಾನು ಬೆಟ್ಟ ಹತ್ತಿ ಓದಿದವನಲ್ಲ, ನನ್ನ ಮುಖ ಯಾವ ಪುಟದಲ್ಲೂ ಇಲ್ಲ. ಆದರೂ ಅವಳಿಗೆಂದು ಬರೆದ ಸಾಲು ದಿನವೂ ಅವಳ ಬಾಯಿಂದಲೇ ನನಗೆ ಸಲ್ಲುತ್ತಿದೆ.

ರಿಜಿಸ್ಟ್ರಾರರೇ, ಚರಿತ್ರೆ ಇಷ್ಟು. ಗಂಟೆ ಐದಾಯಿತು, ಹೊರಡಬೇಕು. ಅವಳು ಬರುವ ಹೊತ್ತು. ನಾನು ಗೇಟಿನ ಬಳಿ ನಿಂತಿರುತ್ತೇನೆ, ಅವಳು ನನ್ನನ್ನು ನೋಡಿ ಬಂದ್ರಾ ಅನ್ನುತ್ತಾಳೆ, ಬಂದೆ ಕಣಮ್ಮಾ ಅನ್ನುತ್ತೇನೆ. ಆಮೇಲೆ ಅವಳು ಬೀಗ ತೆಗೆದು ಯಾರೂ ಇಲ್ಲದ ಮನೆಯೊಳಕ್ಕೆ ಹೋಗುತ್ತಾಳೆ.